ಗುಳಿಗೆಯ ಬಸಿರು

ನನ್ನ ಜೀವಮಾನದಲ್ಲಿ ಅತ್ಯಂತ ಚೆನ್ನಾಗಿ ಉಂಡ ವರ್ಷ ಯಾವುದೆಂದು ಯಾರಾದರೂ ಕೇಳಿದರೆ, ನನಗೆ ತಲೆ ಕೆಟ್ಟಿತ್ತಲ್ಲ, ಆ ವರ್ಷ ಎನ್ನುತ್ತೇನೆ. ಕೇಳಿದವರು ನಗಬೇಕೋ ಬೇಡವೋ ಗೊತ್ತಾಗದೆ ಒದ್ದಾಡುತ್ತಾರೆ. ಒದ್ದಾಡಲಿ ಬಿಡಿ, ನಾನೂ ಬೇಕಾದಷ್ಟು ಒದ್ದಾಡಿದವಳೇ. ಈಗ ಹಿರೇಕೆರೂರಿನ ಈ ಮನೆಯಲ್ಲಿ ಅಳತೆ ಇಟ್ಟು ಉಣ್ಣುತ್ತೇನೆ. ಸಂಜೆ ಕೆರೆಯ ಏರಿಯ ಮೇಲೆ ಬಿರುಸಾಗಿ ನಡೆದು ಬರುತ್ತೇನೆ. ಗುಳಿಗೆ ಬದಲಾಗಿದೆ, ಬಂದ ಮೈಯಲ್ಲಿ ಅರ್ಧ ಇಳಿದಿದೆ, ಅರ್ಧ ನನ್ನನ್ನು ಬಿಟ್ಟು ಹೋಗಲು ಮನಸ್ಸಾಗದೆ ಉಳಿದುಕೊಂಡಿದೆ. ಆದರೆ ಬಂಕಾಪುರದ ಆ ಓಣಿಯ ಊಟ ನೆನಪಾಯಿತೆಂದರೆ ಈ ಶಿಸ್ತೆಲ್ಲ ಗಾಳಿಗೆ ಹೋಗಿ, ಬಾಯಲ್ಲೂ ಕಣ್ಣಲ್ಲೂ ಒಟ್ಟಿಗೆ ನೀರು ಬರುತ್ತದೆ.

ನನ್ನ ತವರು ತಿಳವಳ್ಳಿ. ಭತ್ತದ ಗದ್ದೆ, ಗೋವಿನಜೋಳದ ಹೊಲಗಳ ನಡುವೆ ಬೆಳೆದವಳನ್ನು ತಂದು ಬಂಕಾಪುರದ ಮೆಣಸಿನಕಾಯಿ ಘಾಟಿನ ಓಣಿಗೆ ಕೊಟ್ಟರು. ಗಂಡ ಬಸ್ ಕಂಡಕ್ಟರ್. ಹಾನಗಲ್ಲು, ಸವಣೂರು, ಹಿರೇಕೆರೂರು ಎಂದು ಅವರ ಬಸ್ಸು ಓಡದ ಹಾದಿಯಿಲ್ಲ. ಮನೆಯಲ್ಲಿ ಮಾತ್ರ ಅವರ ಬಾಯಿ ತೆರೆಯುವುದು ಕಷ್ಟ. ದಿನದ ಮಾತನ್ನೆಲ್ಲ ಟಿಕೆಟಿನ ಜೊತೆ ಹರಿದು ಹಂಚಿ ಬಂದಿರುತ್ತೀರಿ ಎಂದು ನಾನು ಕಾಡಿಸುತ್ತಿದ್ದೆ. ಮನೆಯಲ್ಲಿ ನಾವು ಮೂವರೇ: ಅವರು, ನಾನು, ಅತ್ತೆ. ಅತ್ತೆಯದು ಸಣ್ಣ ಆಕಾರ, ದೊಡ್ಡ ದನಿ. ಅವರು ಮೆಲ್ಲಗೆ ಮಾತಾಡಿದರೆ ಏನೋ ಅನಾಹುತವಾಗಿದೆ ಎಂದು ಓಣಿಯೇ ತಿಳಿದುಕೊಳ್ಳುತ್ತಿತ್ತು.

ಆ ಓಣಿಯಲ್ಲಿ ನಮ್ಮಂಥ ಲಿಂಗಾಯತರ ಮನೆಗಳೂ ಇದ್ದವು, ಮುಸಲ್ಮಾನರ ಮನೆಗಳೂ ಇದ್ದವು. ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯಲ್ಲಿ ಖಾಲಾ ಇದ್ದರು. ಸವಣೂರಿನಿಂದ ಮದುವೆಯಾಗಿ ಬಂದು ಅಲ್ಲೇ ಹಣ್ಣಾದವರು. ಅವರ ತಂಗಿಯ ಮಕ್ಕಳು ಕರೆಯುತ್ತಿದ್ದ ಹಾಗೆ ಓಣಿಯೆಲ್ಲ ಅವರನ್ನು ಖಾಲಾ ಎನ್ನುತ್ತಿತ್ತು, ವಯಸ್ಸಿನಲ್ಲಿ ಹೆಚ್ಚು ಕಡಿಮೆಯಿಲ್ಲದ ನಮ್ಮ ಅತ್ತೆ ಕೂಡ. ಬಾಯಲ್ಲಿ ಯಾವಾಗಲೂ ಸವಣೂರಿನ ಎಲೆ. ಬೇರೆ ಊರಿನ ಎಲೆಯನ್ನು ಅವರು ಸೊಪ್ಪು ಎಂದೇ ಕರೆಯುತ್ತಿದ್ದರು. ಚಳಿ ಕಳೆಯುವ ಹೊತ್ತಿಗೆ ವ್ಯಾಪಾರಿಗಳು ಮೆಣಸಿನಕಾಯಿ ಚೀಲ ತಂದು ಇಳಿಸಿ ಹೋಗುತ್ತಿದ್ದರು. ಮಧ್ಯಾಹ್ನ ಹೆಂಗಸರೆಲ್ಲ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ತೊಟ್ಟು ಮುರಿಯುತ್ತಿದ್ದೆವು. ಸೀನು, ಕೆಮ್ಮು, ಅದರ ನಡುವೆ ನಗು. ಆ ಘಾಟಿನಲ್ಲಿ ಯಾರ ಕಣ್ಣಲ್ಲಿ ನೀರು ಬಂದರೂ ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ನನಗೆ ಅದು ಬಹಳ ಸೇರಿತ್ತು.

ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂಬ ಗಾದೆಯಿದೆಯಲ್ಲ, ಅದು ನನ್ನ ವಿಷಯದಲ್ಲಿ ಹಾದಿ ತಪ್ಪಿತು. ನನಗೆ ಹಿಡಿದದ್ದೇ ಮದುವೆಯಾಗಿ ನಾಲ್ಕನೆಯ ಬೇಸಿಗೆಯಲ್ಲಿ. ಮೊದಮೊದಲು ಕೋಟೆಯ ಕಡೆಯಿಂದ ನವಿಲು ಕೂಗಿದರೆ ನನ್ನ ಹೆಸರು ಹಿಡಿದು ಕೂಗಿದ ಹಾಗೆ ಕೇಳುತ್ತಿತ್ತು. ಬಂಕಾಪುರದಲ್ಲಿ ನವಿಲಿಗೇನು ಬರ? ದಿನವಿಡೀ ಕೂಗುತ್ತವೆ. ಆಮೇಲೆ ನವಿಲು ಸುಮ್ಮನಿದ್ದಾಗಲೂ ಗೋಡೆಯೊಳಗಿನಿಂದ ಒಂದು ಗಂಡು ದನಿ ಮಾತಾಡತೊಡಗಿತು. ನಾನು ಏನು ಮಾಡುತ್ತೇನೋ ಅದನ್ನೇ ಹೇಳುತ್ತಿತ್ತು. ಈಗ ಎದ್ದಳು, ಈಗ ನೀರು ಕುಡಿದಳು, ಈಗ ರೊಟ್ಟಿ ತಟ್ಟುತ್ತಾಳೆ. ಕೊನೆಗೊಂದು ದಿನ, ಊಟಕ್ಕೆ ಏನೋ ಬೆರೆಸಿದ್ದಾರೆ, ಉಣ್ಣಬೇಡ ಎಂದಿತು. ನಾನು ಉಣ್ಣುವುದನ್ನು ಬಿಟ್ಟೆ. ನನ್ನ ಕೈಯಾರೆ ತಟ್ಟಿದ ರೊಟ್ಟಿಯನ್ನೇ ಮೂಸಿ ನೋಡಿ ಕೆಳಗಿಡುತ್ತಿದ್ದೆ. ಕುತ್ತಿಗೆಯ ಎಲುಬು ಎದ್ದು ಬಂದವು, ಬಳೆಗಳು ಮೊಣಕೈವರೆಗೆ ಜಾರತೊಡಗಿದವು.

ಅತ್ತೆ ಮೊದಲು ತಮಗೆ ಗೊತ್ತಿದ್ದ ಮದ್ದು ಮಾಡಿದರು. ಹೊಸ್ತಿಲಿಗೆ ಲಿಂಬೆಹಣ್ಣು ಕೊಯ್ದರು, ತೋಳಿಗೆ ತಾಯಿತ ಕಟ್ಟಿಸಿದರು, ತಿಳವಳ್ಳಿಯಿಂದ ಅವ್ವನನ್ನು ಕರೆಸಿ ಒಂದು ವಾರ ಇರಿಸಿಕೊಂಡರು. ಗಂಡನಿಗೆ ಬಸ್ಸಿನಲ್ಲಿ ಯಾರೋ ಪ್ರಯಾಣಿಕರು ಹುಬ್ಬಳ್ಳಿಯ ಒಬ್ಬ ಡಾಕ್ಟರರ ಬಗ್ಗೆ ಹೇಳಿದರಂತೆ. ಗಂಡ ಮನೆಗೆ ಬಂದು ನಾಳೆ ಹೋಗೋಣ ಎಂದಷ್ಟೇ ಹೇಳಿದರು. ಶಿಗ್ಗಾವಿ ದಾಟಿ, ತಡಸ ದಾಟಿ, ಹುಬ್ಬಳ್ಳಿ ಬರುವವರೆಗೂ ನಾನು ಸೆರಗನ್ನು ಎರಡೂ ಕಿವಿಗೆ ಒತ್ತಿ ಹಿಡಿದೇ ಕೂತಿದ್ದೆ. ಹೊರಡುವಾಗ ಓಣಿಯ ಹೆಂಗಸರು ಎಲ್ಲಿಗೆ ಎಂದು ಕೇಳಿದ್ದರು. ಅತ್ತೆ, ಹುಬ್ಬಳ್ಳಿಯ ದೊಡ್ಡ ಡಾಕ್ಟರಿಗೆ ತೋರಿಸಿಕೊಂಡು ಬರುತ್ತೇವೆ ಎಂದು ಹೇಳಿ ಬಾಯಿ ಮುಚ್ಚಿಕೊಂಡರು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ಎಂಥ ಡಾಕ್ಟರ್ ಎಂದು ಓಣಿ ಕೇಳಲಿಲ್ಲ, ತಾನೇ ತಿಳಿದುಕೊಂಡಿತು.

ಡಾಕ್ಟರು ಕೊಟ್ಟದ್ದು ಒಂದು ಸಣ್ಣ ಬಿಳಿ ಗುಳಿಗೆ. ರಾತ್ರಿ ಊಟದ ಮೇಲೆ ನುಂಗುವುದು. ಅತ್ತೆ ಅದನ್ನು ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಜೀರಿಗೆ ಡಬ್ಬಿಯ ಹಿಂದಿನಿಂದ ತೆಗೆದು ಕೊಡುತ್ತಿದ್ದರು. ನಾನು ಬಾಯಿ ತೆರೆದು ತೋರಿಸಬೇಕಾಗಿತ್ತು. ಮಳೆಗಾಲ ಹಿಡಿಯುವ ಹೊತ್ತಿಗೆ ಆ ದನಿ ಸೆಲ್ಲು ಮುಗಿದ ರೇಡಿಯೋದ ಹಾಗೆ ಸಣ್ಣದಾಗುತ್ತ ಬಂತು. ಒಂದು ಬೆಳಗ್ಗೆ ಎದ್ದು ಕೂತೆ, ಈಗ ಎದ್ದಳು ಎಂದು ಯಾರೂ ಹೇಳಲಿಲ್ಲ. ಹೆಂಚಿನ ಮೇಲೆ ಮಳೆಯ ಸಪ್ಪಳವಿತ್ತು, ಖಾಲಾ ತಮ್ಮ ಆಡಿಗೆ ಬಯ್ಯುವ ಸಪ್ಪಳವಿತ್ತು, ಅಷ್ಟೇ. ನಾನು ಬಹಳ ಹೊತ್ತು ಹಾಗೇ ಕೂತು ಅತ್ತುಬಿಟ್ಟೆ. ಅಂಥ ಸುಖ ನನಗೆ ಮತ್ತೆ ಸಿಕ್ಕಿಲ್ಲ.

ಅದರ ಬೆನ್ನಿಗೇ ಹಸಿವು ಬಂತು. ಹಸಿವು ಎಂದರೆ ನೀವು ತಿಳಿದಿರುವ ಹಸಿವಲ್ಲ. ಇದು ಹೊಟ್ಟೆ ತುಂಬಿದ ಮೇಲೂ ಕೇಳುವ ಹಸಿವು. ಉಂಡು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಮತ್ತೆ ಬುಟ್ಟಿಯ ಮುಚ್ಚಳದ ಮೇಲೆ ಕಣ್ಣು. ಬಿಸಿ ರೊಟ್ಟಿ ಸಾಲದೆ ನಿನ್ನೆಯ ಕಟಕ ರೊಟ್ಟಿ, ಅದರ ಮೇಲೆ ಶೇಂಗಾ ಚಟ್ನಿ, ಕೆನೆ ಮೊಸರು, ಪುಂಡಿಪಲ್ಯ, ಆಮೇಲೆ ಸುಮ್ಮನೆ ಬಾಯಾಡಿಸಲು ಒಂದು ಮೊರ ಮಂಡಕ್ಕಿ. ಗಂಡ ಸವಣೂರಿಗೆ ಹೋದಾಗಲೆಲ್ಲ ಅಲ್ಲಿಯ ಕರಿದ ಖಾರದ ತಿಂಡಿಯ ಪೊಟ್ಟಣ ತರುತ್ತಿದ್ದರು. ಅದು ಹೊಸ್ತಿಲು ದಾಟಿ ಡಬ್ಬಿ ಸೇರಿದ ದಾಖಲೆಯೇ ಇಲ್ಲ. ಉಣ್ಣದೆ ಎಲುಬಾಗಿದ್ದವಳು ಹೀಗೆ ಉಣ್ಣುವುದನ್ನು ಕಂಡು ಅತ್ತೆಗೆ ಹಿಗ್ಗೋ ಹಿಗ್ಗು. ರೊಟ್ಟಿ ತಟ್ಟಿ ತಟ್ಟಿ ಕೈ ಸೋತರೂ ಇನ್ನೊಂದು ಹಾಕಲೇ ಎಂದು ಕೇಳುತ್ತಿದ್ದರು. ನಾನು ಬೇಡ ಎಂದದ್ದು ನೆನಪಿಲ್ಲ.

ಶ್ರಾವಣದ ಹೊತ್ತಿಗೆ ಕೆನ್ನೆ ತುಂಬಿತು, ತೋಳು ತುಂಬಿತು. ಬಳೆಗಳು ಮಣಿಕಟ್ಟಿನಲ್ಲಿಯೇ ಕೂತವು. ನಮ್ಮ ಕಡೆ ಮೈ ತುಂಬುವುದೆಂದರೆ ಹೊಗಳಿಕೆ. ಬಡಕಲಾದರೆ ಮಾತ್ರ ಜನಕ್ಕೆ ಚಿಂತೆ. ಆದರೆ ಓಣಿಯ ಹೆಂಗಸರ ಕಣ್ಣು ನನ್ನ ಮುಖ ಬಿಟ್ಟು ಹೊಟ್ಟೆಗೆ ಇಳಿದದ್ದು ನನಗೆ ಆಗ ಗೊತ್ತಾಗಲಿಲ್ಲ. ನಾಗರಪಂಚಮಿಗೆ ಎಲ್ಲರ ಮನೆಯಿಂದಲೂ ಉಂಡಿ ಬರುತ್ತವೆ, ಆ ಸಲ ನನ್ನ ಹೆಸರಿಗೆ ಬೇರೆಯೇ ಬಂದವು. ಎಳ್ಳಿನವು, ಶೇಂಗಾದವು, ಪುಠಾಣಿಯವು, ಬೇಸನ್ನಿನವು. ಯಾಕಿಷ್ಟು ಎಂದರೆ ತಿನ್ನು ತಿನ್ನು ಎಂದು ನಕ್ಕು ಹೋಗುತ್ತಿದ್ದರು.

ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ಹೇಳಬೇಕು. ಬಸಿರಿನ ಸುದ್ದಿಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಬಸುರಿ ತಾನಾಗಿ ಹೇಳುವುದಿಲ್ಲ, ಕಂಡವರೂ ಆಡುವುದಿಲ್ಲ. ದೃಷ್ಟಿಯಾದೀತು ಎಂಬ ಅಂಜಿಕೆ. ಏಳನೆಯ ತಿಂಗಳಲ್ಲಿ ಹಸಿರು ಸೀರೆ, ಹಸಿರು ಬಳೆ, ಖಣ ಕೊಟ್ಟು ಉಡಿ ತುಂಬಿ ಕುಬಸ ಮಾಡುತ್ತಾರಲ್ಲ, ಅಲ್ಲಿಯವರೆಗೆ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇರಬೇಕು. ಬಾಯಿ ಕಟ್ಟಿಕೊಂಡರೂ ಕೈ ಕಟ್ಟಿಕೊಳ್ಳುವಂತಿಲ್ಲ. ಬಸುರಿಗೆ ಯಾವ ಹೊತ್ತಿನಲ್ಲಿ ಏನು ಬಯಕೆಯೋ ಎಂದು ಯಾರ ಮನೆಯಲ್ಲಿ ಏನು ಮಾಡಿದರೂ ಮೇಲೊಂದು ತಾಟು ಮುಚ್ಚಿ ಒಂದು ಬಟ್ಟಲು ಬಂದೇ ಬರುತ್ತದೆ. ಯಾರಾದರೂ ಒಬ್ಬರು ಒಮ್ಮೆ ಕೇಳಿದ್ದರೆ, ಇಲ್ಲ ಎಂದು ಹೇಳಿ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಕೇಳುವ ರೂಢಿಯೇ ಇಲ್ಲ, ಕೇಳದ ಮಾತಿಗೆ ಉತ್ತರ ಕೊಡುವುದು ಹೇಗೆ?

ಹೀಗೆ ನಾನು ಉಂಡೆ. ಏನೆಲ್ಲ ಉಂಡೆ! ಎಣ್ಣೆಗಾಯಿ ಬದನೆಕಾಯಿ, ಮಾದ್ಲಿ, ಗೋಧಿ ಹುಗ್ಗಿ, ಹುಣಸೆಹಣ್ಣು ಬೆಲ್ಲ ಕುಟ್ಟಿ ಕಡ್ಡಿಗೆ ಹಚ್ಚಿದ ಚಿಗಳಿ. ಹಾನಗಲ್ಲಿನಿಂದ ಬಂದ ಹೊಸ ಅಕ್ಕಿಯ ಮೊಸರನ್ನ. ಖಾಲಾ ನಮ್ಮ ಮನೆಗೆಂದೇ ಒಂದು ಬೇರೆ ಗಡಿಗೆ ಇಟ್ಟಿದ್ದರು. ಅದಕ್ಕೆ ಮಾಂಸ ಸೋಂಕಿಲ್ಲ ಎಂದು ಅತ್ತೆಗೆ ಪ್ರತಿ ಸಲವೂ ಹೇಳುತ್ತಿದ್ದರು. ಅತ್ತೆಯೂ ಪ್ರತಿ ಸಲವೂ, ನಿಮ್ಮ ಮೇಲೆ ಸಂಶಯವೇ ಎನ್ನುತ್ತಿದ್ದರು. ಹಾಗೆ ಹೇಳದೆ ಒಂದು ದಿನವೂ ಗಡಿಗೆ ಕೈ ಬದಲಾಗಲಿಲ್ಲ. ಅದರಲ್ಲಿ ಒಮ್ಮೆ ಖಿಚಡಿ, ಒಮ್ಮೆ ಹುಳಿ ಹಾಕಿದ ಬೇಳೆ. ಕೆಲವು ತಿಂಗಳ ಹಿಂದೆ ಇದೇ ಜನ ಊಟಕ್ಕೆ ಏನೋ ಬೆರೆಸುತ್ತಾರೆ ಎಂದು ನಂಬಿದ್ದವಳು ನಾನು. ಈಗ ಅವರ ಕೈಯ ತುತ್ತನ್ನು ಕಣ್ಣು ಮುಚ್ಚಿ ಉಣ್ಣುತ್ತಿದ್ದೆ. ತಲೆ ಸರಿಯಾಗುವುದೆಂದರೆ ಇದೇ ಇರಬೇಕು ಎಂದು ನನಗೆ ಈಗಲೂ ಅನಿಸುತ್ತದೆ.

ಅಷ್ಟರಲ್ಲಿ ನನ್ನ ಮುಟ್ಟು ನಿಂತಿತ್ತು. ಒಂದು ತಿಂಗಳು, ಮತ್ತೊಂದು ತಿಂಗಳು. ಓಣಿಯ ಲೆಕ್ಕ ಏನೆಂದು ಆಗ ನನಗೂ ಹೊಳೆಯಿತು. ಹೊಳೆದ ಮೇಲೆ ಭಯವಾಗಲಿಲ್ಲ, ಆಸೆಯಾಯಿತು. ಓಣಿಯೆಲ್ಲ ನಂಬಿರುವಾಗ ನಾನೊಬ್ಬಳು ನಂಬದೆ ಹೇಗಿರಲಿ? ಅಂಗಾತ ಮಲಗಿ ಹೊಟ್ಟೆಯ ಮೇಲೆ ಕೈಯಿಟ್ಟು, ಏನಾದರೂ ಮಿಸುಕುತ್ತದೆಯೇ ಎಂದು ಕಾಯುತ್ತಿದ್ದೆ. ಗಂಡ ಬಂಕಾಪುರದಲ್ಲಿ ಕೊಂಡರೆ ಸುದ್ದಿಯಾದೀತೆಂದು ಹಾನಗಲ್ಲಿನ ಔಷಧಿ ಅಂಗಡಿಯಿಂದ ಪರೀಕ್ಷೆಯ ಪಟ್ಟಿ ತಂದರು. ಒಂದೇ ಗೆರೆ ಮೂಡಿತು. ಇನ್ನೊಂದು ಮೂಡೀತೆಂದು ನಾನು ಅದನ್ನು ಬಿಸಿಲಿಗೆ ಹಿಡಿದುಕೊಂಡು ಬಹಳ ಹೊತ್ತು ಹಿತ್ತಲಲ್ಲಿ ನಿಂತಿದ್ದೆ. ಗಂಡ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡರು.

ಹುಬ್ಬಳ್ಳಿಯ ಡಾಕ್ಟರು ಬಿಡಿಸಿ ಹೇಳಿದರು. ಈ ಗುಳಿಗೆ ಕೆಲವರಲ್ಲಿ ಹಸಿವು ಹೆಚ್ಚಿಸುತ್ತದೆ, ತೂಕ ಏರಿಸುತ್ತದೆ, ಕೆಲವು ಹೆಣ್ಣುಮಕ್ಕಳಿಗೆ ಮುಟ್ಟನ್ನೂ ನಿಲ್ಲಿಸುತ್ತದೆ. ಬೇರೆ ಗುಳಿಗೆಗಳಿವೆ, ಬದಲಿಸಬಹುದು. ಆದರೆ ದನಿ ಈಗಷ್ಟೇ ನಿಂತಿದೆ, ಸ್ವಲ್ಪ ಗಟ್ಟಿಯಾಗಲಿ, ನಿಮ್ಮಷ್ಟಕ್ಕೆ ನೀವು ನಿಲ್ಲಿಸಬೇಡಿ, ನಿಲ್ಲಿಸಿದರೆ ಎಲ್ಲಿಂದ ಬಂದಿರೋ ಅಲ್ಲಿಗೇ ಹೋಗುತ್ತೀರಿ ಎಂದರು. ಸಿಹಿ, ಎಣ್ಣೆ ಕಡಿಮೆ ಮಾಡಿ, ದಿನಾಲು ನಡೆಯಿರಿ ಎಂದೂ ಹೇಳಿದರು. ನಡೆಯುವುದೇ ಕಷ್ಟವಾಯಿತು. ನಾನು ಸೆರಗು ಸಿಕ್ಕಿಸಿ ಓಣಿಗಿಳಿದರೆ, ಹೀಗೆ ದಡದಡ ಅಡ್ಡಾಡಬಾರದು ಎಂದು ಪ್ರತಿ ಮನೆಯವರೂ ಕರೆದು ಕೂರಿಸಿ ಕೈಗೆ ಉಂಡಿ ಕೊಡುತ್ತಿದ್ದರು. ನಡೆಯದೆ ಮನೆಯಲ್ಲಿದ್ದರೇ ಮೈ ಹಗುರಾಗುವ ಲಕ್ಷಣವಿತ್ತು.

ಇವರಿಗೆಲ್ಲ ಹೇಳಿಬಿಡೋಣ ಎಂದು ಗಂಡ ಒಮ್ಮೆ ಅಂದರು. ಅತ್ತೆ ಒಪ್ಪಲಿಲ್ಲ. ಕೂಸಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾರೆ. ಬಸುರಿ ಎಂದರೆ ನಾಲ್ಕು ಜನ ಊಟ ತರುತ್ತಾರೆ, ಹುಚ್ಚಿ ಎಂದರೆ ಅದೇ ನಾಲ್ಕು ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಇದು ಅವರ ಲೆಕ್ಕ. ನಾನು ಅದನ್ನು ತಪ್ಪೆನ್ನಲಾರೆ. ಅವರು ಕಂಡ ಲೋಕ ಅಂಥದು. ಹೀಗಾಗಿ ನಾವು ಮೂವರೂ ಬಾಯಿ ಮುಚ್ಚಿಕೊಂಡು ಕೂತೆವು. ಅತ್ತ ದರಿ, ಇತ್ತ ಪುಲಿ. ಗುಳಿಗೆ ನುಂಗಿದರೆ ಹೊಟ್ಟೆ ಬೆಳೆಯುತ್ತದೆ, ಓಣಿ ಹುಟ್ಟದ ಕೂಸಿನ ದಾರಿ ಕಾಯುತ್ತದೆ. ಬಿಟ್ಟರೆ ಗೋಡೆ ಮಾತಾಡುತ್ತದೆ.

ಓಣಿ ಕಾಯುತ್ತಲೇ ಇತ್ತು. ತುದಿಯ ಮನೆಯಲ್ಲಿ ಹೊಲಿಗೆ ಹೊಲಿಯುವ ಒಬ್ಬ ಹೆಂಗಸಿದ್ದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆಯನ್ನು ನಾವು ಬೇರೆಯವರಿಗೆ ಅನ್ನುತ್ತೇವೆ. ಅವಳು ನಿಜವಾಗಿಯೂ ಹೊಲಿದಳು. ಕೆಂಪು ಬಟ್ಟೆ, ಅಂಚಿಗೆ ಹಳದಿ ದಾರ. ನಾನು ಒಳಗೆ ಹೋದಾಗ ಅವಸರದಿಂದ ಮೊಣಕಾಲ ಕೆಳಗೆ ಬಚ್ಚಿಟ್ಟುಕೊಂಡಳು. ಅದು ಈಗ ನನ್ನ ಟ್ರಂಕಿನಲ್ಲಿದೆ. ನಮಗೆ ಮುಂದೆಯೂ ಮಕ್ಕಳಾಗಲಿಲ್ಲ. ಆ ದುಃಖ ಬೇರೆ, ಅದನ್ನು ನಾವಿಬ್ಬರೂ ನಮ್ಮ ಪಾಡಿಗೆ ಉಂಡು ಅರಗಿಸಿಕೊಂಡಿದ್ದೇವೆ.

ಚಳಿ ಬರುವ ಹೊತ್ತಿಗೆ ನನ್ನ ಮೈ ನನಗೇ ಭಾರವಾಯಿತು. ಜಂಪರುಗಳೆಲ್ಲ ಬಿಗಿಯಾಗಿ ಹೊಲಿಗೆ ಬಿಟ್ಟವು. ಬಸ್ಸಿನ ಮೆಟ್ಟಿಲು ಹತ್ತುವಾಗ ಮೊಣಕಾಲು ನೋಯುತ್ತಿದ್ದವು. ಗಂಡನ ಬಸ್ಸಿನಲ್ಲೇ ಒಬ್ಬ ಮುದುಕಿ, ಬಸುರಿ ಹೆಂಗಸು ಕೂರಲಿ ಎಂದು ಎದ್ದು ನಿಂತು ಜಾಗ ಕೊಟ್ಟಳು. ಅವರು ಟಿಕೆಟ್ ಚೀಲ ಹಿಡಿದುಕೊಂಡು ಕಿಟಕಿಯ ಆಚೆ ನೋಡಿದರು. ನಾನು ಕೂತೆ, ಕೂರದೆ ಏನು ಮಾಡಲಿ? ಆ ದಿನ ನನಗೆ ಬಹಳ ನಾಚಿಕೆಯಾಯಿತು. ಓಣಿಯವರು ತರುವ ಪ್ರತಿ ಬಟ್ಟಲನ್ನೂ ಇನ್ನೊಬ್ಬರ ಪಾಲನ್ನು ಕದ್ದು ತಿಂದ ಹಾಗೆ ತಿನ್ನತೊಡಗಿದೆ. ತಿನ್ನುವುದು ಮಾತ್ರ ನಿಲ್ಲಲಿಲ್ಲ, ಹಸಿವಿಗೆ ನಾಚಿಕೆ ಎಲ್ಲಿಯದು?

ಸಂಕ್ರಾಂತಿ ಮುಗಿದ ಮೇಲೆ ನಾನು ಗುಳಿಗೆಯನ್ನು ನಾಲಿಗೆಯ ಕೆಳಗಿಟ್ಟುಕೊಂಡು, ಬಾಯಿ ತೆರೆದು ತೋರಿಸಿ, ಆಮೇಲೆ ಹಿತ್ತಲಿಗೆ ಹೋಗಿ ಉಗುಳತೊಡಗಿದೆ. ಕೆಲವು ದಿನಗಳಲ್ಲಿ ಹಸಿವು ತಗ್ಗಿತು. ನಿದ್ದೆಯೂ ತಗ್ಗಿತು, ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಒಂದು ಬೆಳಗ್ಗೆ ನೀರು ತುಂಬುತ್ತಿದ್ದಾಗ ಕೊಡದೊಳಗಿಂದ ಸಣ್ಣಗೆ, ಈಗ ಬಗ್ಗಿದಳು ಎಂದು ಕೇಳಿಸಿತು. ಕೊಡವನ್ನು ಅಲ್ಲೇ ಬಿಟ್ಟು ಒಳಗೆ ಬಂದೆ.

ಆ ಮಧ್ಯಾಹ್ನ ಉಣ್ಣಲು ಕೂತಾಗ ತಾಟಿನಲ್ಲಿ ಒಂದು ರೊಟ್ಟಿ ಬಿಟ್ಟು ಎದ್ದೆ. ಅತ್ತೆ ಆ ರೊಟ್ಟಿಯನ್ನು ನೋಡಿದರು. ಅಷ್ಟು ತಿಂಗಳಲ್ಲಿ ನನ್ನ ತಾಟಿನಲ್ಲಿ ಒಂದು ಚೂರೂ ಉಳಿದದ್ದನ್ನು ಅವರು ಕಂಡಿರಲಿಲ್ಲ. ಮೆಲ್ಲಗಿನ ದನಿಯಲ್ಲಿ ಕೇಳಿದರು.

"ಗುಳಿಗಿ ಬಿಟ್ಟೀಯೇನು?"

ನಾನು ತಲೆ ತಗ್ಗಿಸಿದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಈ ಹೊಟ್ಟಿ ಹೊತ್ಕೊಂಡು ಇನ್ನ ಎಷ್ಟ ದಿನ ತಿರುಗ್ಲಿರಿ ಅತ್ತಿ? ಎಲ್ಲಾರೂ ಕೂಸಿನ ದಾರಿ ನೋಡಾಕತ್ತಾರ."

"ಮತ್ತ ಮಾತಾಡಾಕತ್ತೈತೇನು ಅದು?"

ಹೂಂ ಎಂದೆ. ಅವರು ಬಿಟ್ಟ ರೊಟ್ಟಿಯನ್ನು ಮುರಿದು ತಮ್ಮ ತಾಟಿಗೆ ಹಾಕಿಕೊಂಡು ನಿಧಾನವಾಗಿ ಉಂಡರು. ಕೈ ತೊಳೆದು, ಸೀರೆ ಕೊಡವಿ, ಕಟ್ಟೆಗೆ ಹೋಗಿ ಮೆಣಸಿನಕಾಯಿ ಚೀಲ ಬಿಚ್ಚಿದರು. ಒಬ್ಬೊಬ್ಬರಾಗಿ ಓಣಿಯವರು ಬಂದು ಸುತ್ತ ಕೂತರು. ನಾನು ಬಾಗಿಲ ಪಕ್ಕ ಒಳಗೆ ಕೂತಿದ್ದೆ.

ಓಣಿಯ ಲೆಕ್ಕದಲ್ಲಿ ನನಗೆ ಏಳು ತುಂಬಿತ್ತು. ಇನ್ನು ಬಾಯಿಬಿಟ್ಟು ಕೇಳಲು ಅಡ್ಡಿಯಿಲ್ಲ. ಖಾಲಾ ಎಲೆಯ ರಸ ನುಂಗಿ, ಸೊಸೆಯ ಕುಬಸ ಯಾವಾಗ ಇಟ್ಟುಕೊಂಡಿದ್ದೀರಿ, ಹಸಿರು ಬಳೆ ನನ್ನದು, ಬೇರೆ ಯಾರೂ ತರಬಾರದು ಎಂದರು. ಎಲ್ಲರೂ ನಕ್ಕರು. ಬಿಚ್ಚಿ ಮಾತಾಡಲು ಅಪ್ಪಣೆ ಸಿಕ್ಕಿದ ಖುಷಿ ಎಲ್ಲರ ಮುಖದಲ್ಲಿತ್ತು. ಅತ್ತೆ ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಕೆಳಗಿಟ್ಟರು.

"ಕುಬಸ ಇಲ್ರಿ ಖಾಲಾ. ಆಕಿ ಹೊಟ್ಟ್ಯಾಗ ಕೂಸಿಲ್ಲ. ಆಕಿಗೆ ತಲಿ ಕೆಟ್ಟಿತ್ತು, ಯಾರೋ ಮಾತಾಡಿದಂಗ ಕೇಳ್ತಿತ್ತು. ಹುಬ್ಬಳ್ಳಿ ಡಾಕ್ಟರು ಗುಳಿಗಿ ಕೊಟ್ಟ ಮ್ಯಾಲೆ ನಿಂತೈತಿ. ಈ ಮೈ ಆ ಗುಳಿಗಿದು. ನಿಮಗೆಲ್ಲಾ ಅಂಜಿ ಈಗ ಆಕಿ ಗುಳಿಗಿ ಬಿಡಾಕತ್ತಾಳ. ಆಕಿ ದಪ್ಪ ಇದ್ರೂ ಇರ್ಲಿ, ಬಂಜಿ ಅಂದ್ರೂ ಅನ್ರಿ, ನನಗ ನನ್ನ ಸೊಸಿ ಬೇಕು."

ಯಾರೋ ಒಬ್ಬರು ಸೀನಿದರು. ಕುಲಾವಿ ಹೊಲಿದವಳು ತನ್ನ ಮಡಿಲಿನ ಮೆಣಸಿನಕಾಯಿಯನ್ನು ಚೀಲಕ್ಕೆ ಸುರಿದಳು. ಎದುರು ಮನೆಯವಳು ನಮ್ಮ ಅಂಗಳದಲ್ಲಿ ಆಡುತ್ತಿದ್ದ ತನ್ನ ಮಗಳನ್ನು ಕರೆದು ಕೈ ಹಿಡಿದುಕೊಂಡು ಹೋದಳು. ಅದನ್ನು ನಾನು ಇಂದಿಗೂ ಮರೆತಿಲ್ಲ, ಅವಳ ಮೇಲಿನ ಸಿಟ್ಟೂ ಪೂರ್ತಿ ಇಳಿದಿಲ್ಲ. ಬಿಸಿಲು ಇನ್ನೂ ಕಟ್ಟೆಯ ಮೇಲಿರುವಾಗಲೇ ಒಬ್ಬೊಬ್ಬರಾಗಿ ಎದ್ದರು. ಖಾಲಾ ಕೊನೆಗೆ ಎದ್ದರು, ಮಂಡಿಯ ಮೇಲೆ ಕೈಯೂರಿ, ಅರ್ಧ ತುಂಬಿದ ಮೊರವನ್ನು ಅಲ್ಲೇ ಬಿಟ್ಟು.

ನಾನು ಅತ್ತೆಯ ಮೇಲೆ ರೇಗಿದೆ. ನನ್ನ ಮಾನ ಬೀದಿಗೆ ಹಾಕಿದಿರಿ ಎಂದೆ. ಇನ್ನೂ ಏನೇನೋ ಅಂದೆ. ಅವರು ಜೀರಿಗೆ ಡಬ್ಬಿಯ ಹಿಂದಿನಿಂದ ಗುಳಿಗೆ ತೆಗೆದು, ಹೊತ್ತಲ್ಲದ ಹೊತ್ತಿನಲ್ಲಿ ನನ್ನ ಕೈಗೆ ಕೊಟ್ಟು, ಕಸ ಗುಡಿಸಲು ಹೋದರು. ಆ ಸಲ ಬಾಯಿ ತೆರೆದು ತೋರಿಸು ಎನ್ನಲಿಲ್ಲ. ನಾನು ಅದನ್ನು ಮುಷ್ಟಿಯಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕೂತೆ. ನುಂಗಿದರೆ ಈ ಮೈಯನ್ನು ಹೊತ್ತು ಇದೇ ಓಣಿಯಲ್ಲಿ ಹುಚ್ಚಿಯಾಗಿ ಬದುಕಬೇಕು. ನುಂಗದಿದ್ದರೆ ಮೈ ಇಳಿಯುತ್ತದೆ, ಆಮೇಲೆ ನಾನೂ ಉಳಿಯುವುದಿಲ್ಲ. ಎರಡೂ ನನಗೆ ಸ್ಪಷ್ಟವಾಗಿ ಗೊತ್ತಿತ್ತು. ನುಂಗಬಾರದು ಎಂಬ ಕಡೆಗೇ ಮನಸ್ಸು ವಾಲುತ್ತಿತ್ತು, ಯಾಕೆಂದರೆ ಇನ್ನು ಯಾರ ಮನೆಯ ಬಾಗಿಲಿಗೂ ನಾನು ಹೋಗಲಾರೆ, ಯಾರೂ ನಮ್ಮ ಬಾಗಿಲಿಗೆ ಬರಲಾರರು ಎನಿಸಿತ್ತು. ಬೆವರಿಗೆ ಗುಳಿಗೆ ಅಂಗೈಗೆ ಅಂಟಿಕೊಂಡಿತ್ತು.

ದೀಪ ಹಚ್ಚುವ ಹೊತ್ತಿಗೆ ಖಾಲಾ ಗಡಿಗೆ ಹಿಡಿದುಕೊಂಡು ಒಳಗೆ ಬಂದರು. ಈ ಸಲ ಮಾಂಸದ ಮಾತನ್ನು ಅವರೂ ಎತ್ತಲಿಲ್ಲ, ಅತ್ತೆಯೂ ಎತ್ತಲಿಲ್ಲ. ಸೀದಾ ನನ್ನ ಪಕ್ಕ ಬಂದು ಏದುಸಿರು ಬಿಡುತ್ತ ನೆಲಕ್ಕೆ ಕೂತು, ಮುಚ್ಚಳ ತೆಗೆದರು. ಶಾವಿಗೆ ಖೀರು, ಹಬೆಯಾಡುತ್ತಿತ್ತು. ಬಟ್ಟಲಿಗೆ ಸುರಿದು ನನ್ನ ಮುಂದೆ ಸರಿಸಿದರು.

"ಮೈ ಇಳಸು ಅಂತ ಡಾಕ್ಟರು ಹೇಳಿರ್ಬೇಕಲ್ಲ," ಎಂದರು. "ಸಕ್ಕರಿ ಹಾಕಿಲ್ಲ. ಗುಳಿಗಿ ಎಲ್ಲೈತಿ?"

ನಾನು ಮುಷ್ಟಿ ಬಿಚ್ಚಿದೆ. ಅವರು ನೀರಿನ ತಂಬಿಗೆಯನ್ನು ನನ್ನ ಕಡೆ ತಳ್ಳಿದರು. ನಾನು ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ನಾಲಿಗೆಯ ಕೆಳಗೆ ಏನೂ ಉಳಿಯಲಿಲ್ಲ. ಆಮೇಲೆ ಖೀರು ಬಾಯಿಗಿಟ್ಟೆ. ಹಾಲು, ಶಾವಿಗೆ, ಏಲಕ್ಕಿ ಎಲ್ಲ ಇದ್ದವು. ಸಿಹಿ ಮಾತ್ರ ಹೆಸರಿಗೂ ಇರಲಿಲ್ಲ. ನಾನು ಅಂಥ ಸಪ್ಪೆ ಪದಾರ್ಥವನ್ನು ಜನ್ಮದಲ್ಲಿ ತಿಂದಿರಲಿಲ್ಲ. ಖಾಲಾ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೆಂಗೈತಿ?"

"ಸಪ್ಪಗ ಐತ್ರಿ ಖಾಲಾ," ಎಂದೆ. ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ತಡೆಯಲಾಗಲಿಲ್ಲ.

"ಸಪ್ಪಗನ ಇರತೈತಿ. ಉಣ್ಣು," ಎಂದು ಅವರು ಬಟ್ಟಲಿಗೆ ಇನ್ನೊಂದು ಸೌಟು ಹಾಕಿದರು.